ಬೀಡಿಯಕ್ಕನ ಪಂಚಾಕ್ಷರಿ

ಹೊಲಿಗೆ ಡಬ್ಬಿಯಲ್ಲಿ ಗುಂಡಿ ಹುಡುಕುತ್ತಿದ್ದಾಗ ತಳದಲ್ಲಿ ಆ ತಗಡಿನ ತುಂಡು ಸಿಕ್ಕಿತು. ಬೆರಳಷ್ಟು ಉದ್ದ, ಎರಡು ಬೆರಳು ಅಗಲ, ಅಂಚೆಲ್ಲ ಸವೆದು ನಯವಾಗಿದೆ. ಬೀಡಿ ಎಲೆಯನ್ನು ಅಳತೆಗೆ ಕತ್ತರಿಸುವ ತಗಡು. ಮೂಗಿನ ಹತ್ತಿರ ಹಿಡಿದೆ. ಅರುವತ್ತು ವರ್ಷದ ಮೇಲೆ ವಾಸನೆ ಎಲ್ಲಿಂದ ಬರಬೇಕು... ಆದರೂ ನೆನೆಸಿದ ಎಲೆಯ, ಹೊಗೆಸೊಪ್ಪಿನ ಹುಡಿಯ ಆ ಘಾಟು ಬಂದೇ ಬಂತು.

ಆಗ ನಾವು ಮೂಡುಬಿದಿರೆ ಪೇಟೆಯ ಅಂಚಿನಲ್ಲಿದ್ದೆವು. ಪಕ್ಕದ ಮನೆಯವರು ಬಂಟ್ವಾಳದಿಂದ ಮದುವೆಯಾಗಿ ಬಂದವರು. ಗಂಡ ಬೇಗ ತೀರಿಕೊಂಡ ಮೇಲೆ ಬೀಡಿ ಕಟ್ಟಿ ಬದುಕುತ್ತಿದ್ದರು. ನಮಗೆಲ್ಲ ಅವರು ಬೀಡಿಯಕ್ಕ. ಎಲೆ, ಹುಡಿ ತುಂಬಿದ ಗೆರಸೆಯನ್ನು ಮಡಿಲಲ್ಲಿಟ್ಟು ಜಗಲಿಯಲ್ಲಿ ಕುಳಿತರೆ ಕೈಯೂ ಬಾಯಿಯೂ ಒಟ್ಟಿಗೇ ನಡೆಯುತ್ತಿದ್ದವು. ‘ನ’ ಎನ್ನುವಾಗ ಎಲೆ ಎತ್ತುವುದು, ‘ಮಃ’ ಎನ್ನುವಾಗ ಹುಡಿ ಹಾಕುವುದು, ‘ಶಿ’ ಎಂದು ಸುರುಳಿ ಸುತ್ತಿ, ‘ವಾ’ ಎಂದು ಬೀಡಿಯ ಬಾಯಿ ಮಡಚಿ, ‘ಯ’ ಎಂದು ನೂಲು ಬಿಗಿಯುವುದು. ಒಂದು ನಮಃ ಶಿವಾಯಕ್ಕೆ ಒಂದು ಬೀಡಿ. ಜಪಮಾಲೆ ಅವರ ಮನೆಯಲ್ಲಿ ಇರಲಿಲ್ಲ.

ನನಗೆ ಹದಿನೆಂಟು. ಎಸ್ಸೆಸ್ಸೆಲ್ಸಿ ಪಾಸಾಗಿತ್ತು, ಟೀಚರ್ ಆಗಲೇಬೇಕೆಂಬ ಹಟವಿತ್ತು, ಬಾಯಿ ತೆರೆದರೆ ತೊದಲು. ಟ್ರೈನಿಂಗಿಗೆ ಸೇರಲು ಎರಡು ತಿಂಗಳಲ್ಲಿ ಮಂಗಳೂರಿನಲ್ಲಿ ಸಂದರ್ಶನ. ತೊದಲುವವಳನ್ನು ಪಾಠ ಹೇಳಲು ಯಾರು ತೆಗೆದುಕೊಳ್ಳುತ್ತಾರೆ ಎಂದು ಮನೆಯವರೆಲ್ಲ ಒಳಗೊಳಗೇ ಅಂದುಕೊಂಡರು; ಅಪ್ಪ ಬಾಯಿಬಿಟ್ಟೇ ಹೇಳಿದರು. ನಾನು ಒಂದು ಶಬ್ದದಲ್ಲಿ ಸಿಕ್ಕಿಬಿದ್ದರೆ ಸಾಕು, ಸುತ್ತಲಿದ್ದವರು ದೊಡ್ಡ ಉಪಕಾರ ಮಾಡುವವರ ಹಾಗೆ ಅದನ್ನು ತಾವೇ ಮುಗಿಸಿಬಿಡುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಬೀಡಿಯಕ್ಕ ಒಬ್ಬರೇ ನನ್ನ ಮಾತು ಮುಗಿಸದೆ ಕಾಯುತ್ತಿದ್ದರು.

ಒಂದು ಮಧ್ಯಾಹ್ನ ಗೆರಸೆಯನ್ನು ನನ್ನ ಕಡೆ ಸರಿಸಿ, ಕೈಯ ಜೊತೆ ಬಾಯಿಯೂ ಬರಲಿ ಎಂದರು. ಆಶ್ಚರ್ಯವೆಂದರೆ ಆ ಐದು ಅಕ್ಷರ ನನ್ನಲ್ಲಿ ತಡವರಿಸಲಿಲ್ಲ. ನನಗೆ ಕೊಂಬು ಬಂತು. ಮಂತ್ರವನ್ನು ಗಡಗಡ ಓಡಿಸಿದೆ, ಕೈಯೂ ಓಡಿತು. ಮರುದಿನ ಬೀಡಿ ಕಂಪೆನಿಯ ಬ್ರಾಂಚಿನ ಚೆಕ್ಕರ್ ನಾನು ಕಟ್ಟಿದ ಸಡಿಲ ಬೀಡಿಗಳನ್ನೆಲ್ಲ ಮುರಿದೆಸೆದನಂತೆ. ಅವರ ಒಂದು ದಿನದ ದುಡಿಮೆ ಹಾಳಾಗಿತ್ತು. ನಾನು ಅತ್ತುಬಿಟ್ಟೆ. ಅವರು ಬೈಯಲಿಲ್ಲ.

“ನಮಃ ಅಂದ್ರೆ ಬಾಗುವುದು ಮಾರಾಯ್ತಿ. ಬಾಗುವವಳಿಗೆ ಎಂಥ ಅವಸರ?”

ಆಮೇಲೆ ತಮಗೆ ಗೊತ್ತಿದ್ದಷ್ಟು ಅರ್ಥ ಹೇಳಿದರು. ಶಿವ ಎಂದರೆ ಒಳ್ಳೆಯದು. ಆ ಒಳ್ಳೆಯದರ ಎದುರು ತಲೆ ಬಾಗಿಸಿ, ನಾನು ಎನ್ನುವುದನ್ನು ಸ್ವಲ್ಪ ಬದಿಗಿಡುವುದು. ಅಷ್ಟೇ. ನನ್ನ ನಾಲಿಗೆಗೆ ಇದ್ದ ರೋಗವೂ ಅವಸರವೇ ಎಂದು ಆ ದಿನ ನನಗೆ ಹೊಳೆಯಿತು.

ನಮ್ಮ ಅಜ್ಜಿಗೆ ಇದು ಹಿಡಿಸಲಿಲ್ಲ. ಮಿಂದು ಮಡಿಯುಟ್ಟು ಹೇಳುವ ಮಂತ್ರವನ್ನು ಹೊಗೆಸೊಪ್ಪಿನ ಕೈಯಲ್ಲಿ ಹೇಳುವುದೇ? ಬೀಡಿಯಕ್ಕನ ಜಗಲಿಯಿಂದ ಬಂದಾಗಲೆಲ್ಲ ಬಾವಿಕಟ್ಟೆಯಲ್ಲಿ ನನ್ನ ತಲೆಗೆ ನೀರು ಸುರಿಸಿಯೇ ಒಳಗೆ ಬಿಡುತ್ತಿದ್ದರು. ನಾನು ಚಾಡಿ ಹೇಳಿದಾಗ ಬೀಡಿಯಕ್ಕ ನೂಲು ಕಡಿಯುತ್ತಾ, “ಹುಡಿ ಕೈಯಲ್ಲಿ ಉಂಟು, ಹೆಸರು ಬಾಯಲ್ಲಿ ಉಂಟು. ದೇವರಿಗೆ ಎರಡೂ ಕಾಣ್ತದೆ. ನೀನು ಅಜ್ಜಿ ಹೇಳಿದ ಹಾಗೆ ಸ್ನಾನ ಮಾಡು” ಎಂದರು.

ಸಂದರ್ಶನದಲ್ಲಿ ಮೂವರಿದ್ದರು. ನಿಮ್ಮ ಊರಿನ ಬಗ್ಗೆ ಹೇಳಿ ಎಂದರು. ‘ನ... ನ...’ ಅಲ್ಲೇ ನಿಂತೆ. ಒಬ್ಬರು ವಾಚು ನೋಡಿದರು. ನನ್ನ ಕೈ ತನ್ನಷ್ಟಕ್ಕೆ ಮಡಿಲಲ್ಲಿದ್ದ ಸೆರಗಿನ ಚುಂಗು ಹಿಡಿಯಿತು. ಎಲೆ ಎತ್ತಿತು, ಹುಡಿ ಹಾಕಿತು, ಸುತ್ತಿತು, ಮಡಚಿತು, ನೂಲು ಬಿಗಿಯಿತು. ಆಮೇಲೆ ನಾನು ಮಾತಾಡಿದೆ. ತೊದಲಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನನ್ನ ಮಾತನ್ನು ನಾನೇ ಮುಗಿಸಿದೆ.

ಆಯ್ಕೆಯಾದ ಕಾಗದ ಬಂದ ದಿನ ಓಡಿಹೋಗಿ ಬೀಡಿಯಕ್ಕನಿಗೆ ಹೇಳಿದೆ. ಅವರು ಕೈಯಲ್ಲಿದ್ದ ಬೀಡಿಗೆ ‘ಯ’ ಎಂದು ನೂಲು ಬಿಗಿದ ಮೇಲೆಯೇ ತಲೆ ಎತ್ತಿದರು. ಹುಡಿ ಮೆತ್ತಿದ ಎರಡೂ ಕೈಗಳನ್ನು ನನ್ನ ನೆತ್ತಿಯ ಮೇಲಿಟ್ಟು, ಈ ತಗಡನ್ನು ಕೊಟ್ಟರು. ಕೂದಲಲ್ಲೆಲ್ಲ ಹೊಗೆಸೊಪ್ಪಿನ ಘಾಟು. ಅಜ್ಜಿ ಆ ದಿನ ಸ್ನಾನ ಮಾಡು ಎನ್ನಲಿಲ್ಲ.

ನಾನು ವೇಣೂರಿನ ಶಾಲೆಯಲ್ಲಿದ್ದಾಗ ಬೀಡಿಯಕ್ಕ ತೀರಿಹೋದ ಸುದ್ದಿ ಬಂತು, ಹದಿಮೂರನೆಯ ದಿನವೂ ಕಳೆದ ಮೇಲೆ. ನಿಮ್ಮಿಂದಲೇ ಆದದ್ದು ಎಂದು ಒಮ್ಮೆಯಾದರೂ ಹೇಳಬೇಕಿತ್ತು. ಹೇಳಲಿಲ್ಲ. ಅದಕ್ಕೆ ತೊದಲು ಕಾರಣವಲ್ಲ. ಇನ್ನೂ ಸಮಯ ಉಂಟು ಎಂದುಕೊಂಡಿದ್ದೆ... ಈಗಲೂ ಅದು ಎದೆಯಲ್ಲಿ ಚುಚ್ಚುತ್ತದೆ.

ತಗಡು ಹಿಡಿದು ಕುಳಿತದ್ದನ್ನು ಕಂಡು ಮೊಮ್ಮಗಳು ಬಂದು, ಇದು ಯಾರದ್ದು ಅಜ್ಜಿ ಎಂದು ಕೇಳಿದಳು. “ಬೀ... ಬೀ...” ಎಂದು ನಿಂತೆ. ಈ ವಯಸ್ಸಿನಲ್ಲೂ ಬಿಟ್ಟು ಹೋಗದ ಸಂಗಾತಿ. ಹುಡುಗಿ ನನ್ನ ಪಕ್ಕದಲ್ಲಿ ಕುಳಿತಳು. ಅವಳು ನನ್ನ ಮಾತು ಮುಗಿಸಲಿಲ್ಲ. ಸೆರಗಿನ ಚುಂಗನ್ನು ಸುತ್ತುತ್ತಿದ್ದ ನನ್ನ ಬೆರಳುಗಳನ್ನೇ ನೋಡುತ್ತಾ, ನೂಲು ಬಿಗಿಯುವವರೆಗೆ ಕಾದಳು.