ಎಂಟು ಚಮಚ ಗಂಜಿ

ಮುಂಬಯಿ ಬದಿಯ ಡೊಂಬಿವಲಿಯಲ್ಲಿ, ಎಂಐಡಿಸಿ ಕಾರ್ಖಾನೆಗಳ ಹತ್ತಿರ ನಮ್ಮದೊಂದು ಸಣ್ಣ ಹೋಟೆಲು. ಉಡುಪಿಯಿಂದ ಬಂದವರಿಗೆ ಇನ್ನೇನಿರುತ್ತದೆ! ತಟ್ಟೆ ಖಾಲಿ ಮಾಡಿದವನು ಆರೋಗ್ಯವಂತ, ಅರ್ಧ ಬಿಟ್ಟವನು ರೋಗಿಷ್ಠ. ಇದು ನನ್ನ ಗಂಡನ ವೈದ್ಯಶಾಸ್ತ್ರ. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಗಲ್ಲಾದಲ್ಲಿ ಕೂತು ಗಿರಾಕಿಗಳಿಗೆ ಉಪದೇಶ ಮಾಡುತ್ತಿದ್ದವರು, ತಮ್ಮ ಹುಳುಕು ಹಲ್ಲನ್ನು ಮಾತ್ರ ಲವಂಗ ಒತ್ತಿ ಎರಡು ವಾರ ಸುಮ್ಮನಾಗಿಸಿದರು. ಹಲ್ಲಿನ ಕೀವು ಕುತ್ತಿಗೆಗೆ ಇಳಿದು, ಬಾಯಿ ಎರಡು ಬೆರಳಿನಷ್ಟೂ ತೆರೆಯದಂತಾದಾಗ ಪಕ್ಕದ ಕಲ್ಯಾಣದ ಆಸ್ಪತ್ರೆಗೆ ಸೇರಿಸಿದೆವು.

ಮೂರನೆಯ ದಿನ ಜ್ವರ ಬಿಟ್ಟಿತು. ಮುಖದಲ್ಲಿ ಕಳೆ ಬಂತು. ಹಲ್ಲು ಕಚ್ಚಿಕೊಂಡೇ, "ಗಂಜಿ ಉಂಟಾ ಮಾರಾಯ್ತಿ?" ಎಂದರು. ಸಂತೋಷಕ್ಕೆ ನನಗೆ ಅಳುವೇ ಬಂತು. ಬೆಳಿಗ್ಗೆ ರಕ್ತ ತೆಗೆದುಕೊಂಡು ಹೋದ ನರ್ಸ್, ಡಾಕ್ಟರ್ ಬರುವ ತನಕ ಏನೂ ಕೊಡಬೇಡಿ ಎಂದಿದ್ದಳು. ಹಸಿದವರಿಗೆ ಇವರದೆಂಥ ಕಾನೂನು ಎಂದು ಬೈದುಕೊಂಡು, ಪರದೆ ಎಳೆದು, ಸ್ಟೀಲ್ ಡಬ್ಬಿಯಿಂದ ಎಂಟು ಚಮಚ ಗಂಜಿ ಕುಡಿಸಿದೆ. ಎಣಿಸಿದ್ದೆ.

ಅಷ್ಟರಲ್ಲಿ ಡಾಕ್ಟರ್ ನನ್ನನ್ನು ಹೊರಗೆ ಕರೆದಳು. ಮಗಳ ವಯಸ್ಸಿನ ಮರಾಠಿ ಹುಡುಗಿ, ಕೈಯಲ್ಲಿ ರಕ್ತದ ರಿಪೋರ್ಟು. ಸಿಆರ್‌ಪಿ ಎನ್ನುವುದೊಂದು ಅಂಕಿ. ಒಳಗೆ ಸೋಂಕಿನ ಉರಿ ಎಷ್ಟಿದೆ ಎಂದು ಹೇಳುತ್ತದಂತೆ. ಮದ್ದು ಹತ್ತಿದ್ದರೆ ಅದು ಇಳಿಯಬೇಕಿತ್ತು, ಏರಿತ್ತು. ಬಿಳಿ ರಕ್ತಕಣಗಳೂ ಏರಿದ್ದವು. ಹೀಗಾದರೆ ಕೀವು ಎದೆಗೆ ಇಳಿಯುವ ಭಯ, ಈಗಲೇ ಕುತ್ತಿಗೆ ಕೊಯ್ದು ತೆಗೆಯಬೇಕು ಎಂದಳು.

ಜ್ವರ ಬಿಟ್ಟಿದೆಯಲ್ಲ, ಮುಖ ನೋಡಿ ಎಂದು ವಾದಿಸಿದೆ. ಜ್ವರ ಗುಳಿಗೆಯಿಂದ ಬಿಟ್ಟದ್ದು, ಮುಖ ನಂಬಬೇಡಿ ಎಂದವಳ ಕಣ್ಣು ನನ್ನ ಕೈಯ ಡಬ್ಬಿಯ ಮೇಲೆ ಬಿತ್ತು.

"ಕಾಕೂ, ಕುಛ್ ಖಿಲಾಯಾ ಕ್ಯಾ?"

ಏನಾದರೂ ತಿನ್ನಿಸಿದಿರಾ ಎಂದು ಅವಳು ಕೇಳಿದ್ದಕ್ಕೆ, ಎಂಟು ಚಮಚ ಗಂಜಿ ಎಂದೆ. ಹೊಟ್ಟೆಯಲ್ಲಿ ಗಂಜಿಯಿದ್ದರೆ ಅರಿವಳಿಕೆ ಕೊಟ್ಟಾಗ ಅದು ಶ್ವಾಸಕೋಶಕ್ಕೆ ನುಗ್ಗಬಹುದಂತೆ. ಆರು ಗಂಟೆ ಕಾಯಬೇಕಾಯಿತು. ಅವರು ನೆಮ್ಮದಿಯಾಗಿ ನಿದ್ದೆ ಹೋದರು. ನಾನು ಅವರ ಉಸಿರನ್ನೇ ನೋಡುತ್ತ ಕೂತೆ. ನನ್ನಿಂದ ಆಗುವ ಕೆಲಸ ಬೇರೇನೂ ಇರಲಿಲ್ಲ. ಕೊಯ್ಯುವ ಹೊತ್ತಿಗೆ ಕೀವು ಎದೆ ಮುಟ್ಟಿತ್ತು. ಆ ಆರು ಗಂಟೆಯಲ್ಲೇ ಇಳಿಯಿತೋ, ಮೊದಲೇ ಇಳಿದಿತ್ತೋ ಎಂದು ಕೇಳಿದೆ. ಡಾಕ್ಟರಿಗೂ ಗೊತ್ತಿರಲಿಲ್ಲ.

ತಿಂಗಳ ಮೇಲೆ ಮನೆಗೆ ಬಂದರು, ಅರ್ಧ ಸ್ವರ ಕಳೆದುಕೊಂಡು. ಈಗ ಗಲ್ಲಾದಲ್ಲಿ ಕೂತು ಆ ಒಡಕು ಸ್ವರದಲ್ಲೇ ಬಂದವರಿಗೆಲ್ಲ ಹೇಳುತ್ತಾರೆ: "ಡಾಕ್ಟರು ಎಂತ ಮಾಡಿದ್ದಾರೆ? ನಾನು ಉಳಿದದ್ದು ಇವಳು ಕದ್ದು ಕೊಟ್ಟ ಗಂಜಿಯಿಂದ!"

ಗಿರಾಕಿಗಳು ನನ್ನತ್ತ ನೋಡಿ ನಗುತ್ತಾರೆ. ನಾನೂ ನಗುತ್ತೇನೆ.