ಆಲ್ಡರ್ ನದಿಯ ಟ್ರಿಂಡರ್ ಮತ್ತು ಕೋಳಿಗೂಡಿನ ಶೂರ

ಚೀಸ್ ಗಡ್ಡೆಗಳಿಗೆ ಬಟ್ಟೆ ಸುತ್ತುವ ಕೆಲಸ ಸಿಕ್ಕಿ ಈ ಊರಿಗೆ ಬಂದ ಮೊದಲ ಭಾನುವಾರ, ನಾನೂ ನಾಲ್ಕು ಅಕ್ಷರ ಕಲಿತವನಂತೆ ಕಾಣಬೇಕೆಂದು, ಪ್ರವಾಸಿಗರಿಗೆ ನದಿಯ ದಡ ತೋರಿಸುವ ಟ್ರಿಂಡರನ ದೋಣಿ ಹತ್ತಿದೆ. ದಡದ ಹುಲ್ಲುಗಾವಲಿನಲ್ಲಿ ಆಳೆತ್ತರದ ಒಂಟಿ ಕಲ್ಲು ನಿಂತಿತ್ತು. ಸುತ್ತಲಿನ ನೆಲ ಸವೆದಿತ್ತು, ಕಲ್ಲಿನ ಮೈ ನುಣ್ಣಗೆ ಹೊಳೆಯುತ್ತಿತ್ತು. ಯುದ್ಧದಲ್ಲಿ ಸತ್ತವರ ಸಮಾಧಿಯೇ ಇರಬೇಕು, ತಲೆತಲಾಂತರದ ಜನ ಕೈ ಸವರಿ ಸವರಿ ಹೀಗಾಗಿದೆ ಎಂದು ನಾನೇ ತೀರ್ಮಾನಿಸಿ, ಟೋಪಿ ತೆಗೆದು ತಲೆ ಬಾಗಿಸಿದೆ. ನನ್ನ ಗಾಂಭೀರ್ಯ ಕಂಡು ಪಕ್ಕದ ಮೂವರೂ ಟೋಪಿ ತೆಗೆದರು. ಟ್ರಿಂಡರ್ ಎಂಜಿನ್ ನಿಲ್ಲಿಸಿ, ನಮ್ಮ ಮೌನ ಮುಗಿಯುವವರೆಗೂ ಕಾದ.

“ಆಯ್ತಾ ಪ್ರಾರ್ಥನೆ?” ಎಂದ. “ಅದು ಹಸುಗಳು ಮೈ ಉಜ್ಜಿಕೊಳ್ಳೋ ಕಲ್ಲು ಕಣಪ್ಪಾ. ನೆಟ್ಟಿದ್ದು ನನ್ನ ಭಾಮೈದ.”

ಮರುವಾರದಿಂದ ಆ ಕಲ್ಲು ಬಂದಾಗಲೆಲ್ಲ ಟೋಪಿ ತೆಗೆಯಿರೆಂದು ಅವನೇ ಎಲ್ಲರಿಗೂ ಹೇಳತೊಡಗಿದನಂತೆ. ಊರಿನ ಇತಿಹಾಸಕ್ಕೆ ನನ್ನ ಕೊಡುಗೆ ಅಷ್ಟೇ. ಮುಂದಿನದು ಅವನ ಕಥೆ.

ಅಂಬ್ರೋಸ್ ಟ್ರಿಂಡರನಿಗೆ ಅರವತ್ತೆಂಟಾಗಿತ್ತು. ಅಪ್ಪನ ಕಾಲದ ದೋಣಿಯನ್ನು ಅದೇ ನೀರಿನಲ್ಲಿ ಮೇಲಕ್ಕೂ ಕೆಳಕ್ಕೂ ಓಡಿಸುತ್ತ, ತಾನು ತೋರಿಸುವ ಪ್ರತಿಯೊಂದನ್ನೂ ಮನಸಾರೆ ತಾತ್ಸಾರ ಮಾಡುವ ಅಭ್ಯಾಸ ಅವನಿಗೆ ಬಂದುಬಿಟ್ಟಿತ್ತು. ಆಲ್ಡರನ್ನು ಅವನು ನದಿ ಎನ್ನುತ್ತಿದ್ದದ್ದು ಟಿಕೆಟ್ ಹರಿಯುವಾಗ ಮಾತ್ರ. ಮಿಕ್ಕ ಹೊತ್ತು ಅದು ‘ಆ ಚರಂಡಿ’. ಪಾದ್ರಿಗಳ ಹಳೆಯ ಮಠವೆಂದರೆ ಮೂರೂವರೆ ಗೋಡೆ, ಉಳಿದದ್ದು ಪಾರಿವಾಳದ ಹಿಕ್ಕೆ. ಮಠದ ಕಲ್ಲೆಲ್ಲ ಎಲ್ಲಿ ಹೋಯಿತೆಂದು ಯಾರಾದರೂ ಕೇಳಿದರೆ, ಊರಿನ ಹಂದಿಗೂಡುಗಳನ್ನು ಹೋಗಿ ನೋಡಿ ಎನ್ನುತ್ತಿದ್ದ. ರಾಜ ಮಲಗಿದ್ದನೆಂಬ ಓಕ್ ಮರ ಬಂದಾಗ, “ಈ ಸೀಮೆಯಲ್ಲಿ ರಾಜ ಮಲಗದೆ ಬಿಟ್ಟಿರೋ ಮರ ಒಂದು ತೋರಿಸಿ, ನೋಡೋಣ. ಮಹಾಶಯ ರಾಜ್ಯ ಆಳೋದು ಬಿಟ್ಟು ನಿದ್ದೆ ಮಾಡ್ಕೊಂಡೇ ತಿರುಗಿದಾನೆ,” ಎನ್ನುತ್ತಿದ್ದ. ನೋಡಲು ಬರುವವರ ಮೇಲಂತೂ ಅವನಿಗೆ ಇನ್ನಷ್ಟು ಅಸಡ್ಡೆ. ಅವರು ಬರುವುದು ಮೊಟ್ಟೆಯ ಸ್ಯಾಂಡ್‌ವಿಚ್ ತಿನ್ನಲು. ಸುಮ್ಮನೆ ತಿಂದರೆ ಹೊಟ್ಟೆಬಾಕತನ ಎನ್ನಿಸುತ್ತದೆಂದು ನಡುನಡುವೆ ಇತಿಹಾಸ ಕೇಳುತ್ತಾರೆ, ಅಷ್ಟೆ.

ಆದರೂ ಸೇತುವೆ ಹತ್ತಿರ ಬಂದಾಗ ಅವನ ದನಿ ಏರುತ್ತಿತ್ತು. ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧವಾದ ಕಾಲದಲ್ಲಿ ಪಾರ್ಲಿಮೆಂಟಿನ ಸಿಪಾಯಿಗಳು ಈ ಸೇತುವೆ ದಾಟಿ ಬಂದಾಗ, ದೊಡ್ಡಮನೆಯ ಧಣಿ ಹಾಲ್ಕಟ್ ಕೋಳಿಗೂಡಿನಲ್ಲಿ ಅಡಗಿ ಕೂತನಂತೆ. ಗಡ್ಡದ ತುಂಬ ಪುಕ್ಕ ಅಂಟಿಸಿಕೊಂಡು ಹೊರಬಂದವನನ್ನು ಸಿಪಾಯಿಗಳು ಹುಂಜವೆಂದೇ ತಿಳಿದು ಬಿಟ್ಟುಬಿಟ್ಟರಂತೆ. ದಡದ ಕೋಳಿಗೂಡನ್ನೂ ಟ್ರಿಂಡರ್ ತೋರಿಸುತ್ತಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಸೇತುವೆಯ ಬುಡದಲ್ಲಿ ದೋಣಿ ನಿಲ್ಲುವ ಕಟ್ಟೆ ದೊಡ್ಡಮನೆಗೆ ಸೇರಿದ್ದು. ಅಲ್ಲಿ ಇಳಿಯದೆ ಮಠಕ್ಕೆ ದಾರಿಯಿಲ್ಲ, ಮಠವಿಲ್ಲದೆ ಟಿಕೆಟ್ ಕೊಳ್ಳುವವರಿಲ್ಲ. ಆ ವರ್ಷ ವಸಂತದಲ್ಲಿ ದೊಡ್ಡಮನೆಯ ಈಗಿನ ಒಡತಿ ಲೇಡಿ ಹಾಲ್ಕಟ್ ಎರಡು ಒದ್ದೆ ನಾಯಿಗಳೊಡನೆ ಅದೇ ಕಟ್ಟೆಗೆ ಇಳಿದು ಬಂದಳು.

“ಟ್ರಿಂಡರ್, ಆ ಕೋಳಿಗೂಡಿನ ಕಥೆ ಇನ್ನು ಸಾಕು.”

“ಜನ ಕೇಳ್ತಾರೆ ಅಮ್ಮಾವ್ರೇ.”

“ಜನ ಏನು ಬೇಕಾದ್ರೂ ಕೇಳ್ತಾರೆ. ನಮ್ಮ ಹಿರಿಯರು ಸೇತುವೆ ಮೇಲೆ ಒಬ್ಬರೇ ಕತ್ತಿ ಹಿಡ್ಕೊಂಡು ನಿಂತು ಇನ್ನೂರು ಸಿಪಾಯಿಗಳನ್ನ ತಡೆದ್ರು. ಹಾಗೆ ಹೇಳು. ಇಲ್ಲಾಂದ್ರೆ ಈ ಕಟ್ಟೆಗೆ ಬೇಲಿ ಹಾಕಿಸ್ತೀನಿ.”

“ಇನ್ನೂರೇ ಸಾಕಾ ಅಮ್ಮಾವ್ರೇ?”

“ಸಾಕು,” ಎಂದಳು ಆಕೆ. ವ್ಯಂಗ್ಯ ಅರ್ಥವಾಗುವುದು ಆಸ್ತಿಯ ಜೊತೆ ಬರುವ ಗುಣವಲ್ಲ.

ಮನೆಗೆ ಬಂದು ಟ್ರಿಂಡರ್ ಹೆಂಡತಿ ಎನಿಡ್ ಮುಂದೆ ಕೂಗಾಡಿದ. ಅವಳು ಮೊಟ್ಟೆ ಸುಲಿಯುತ್ತಲೇ ಕೇಳಿಸಿಕೊಂಡಳು.

“ಆ ಮನುಷ್ಯ ಸತ್ತು ಮುನ್ನೂರು ವರ್ಷದ ಮೇಲಾಯ್ತು. ಗೂಡಲ್ಲಿದ್ರೇನು, ಸೇತುವೆ ಮೇಲಿದ್ರೇನು? ನಿನ್ನ ಗಂಟೇನು ಹೋಗುತ್ತೆ?”

“ನಮ್ಮಪ್ಪ ಹೇಳ್ತಿದ್ದ ಕಥೆ ಕಣೇ ಅದು.”

“ನಿಮ್ಮಪ್ಪ ಎದ್ದು ಬಂದು ದೋಣಿಗೆ ಜಾಗ ಕೊಡ್ತಾರಾ? ದೋಣಿ ನಿಂತ್ರೆ ನೀನು ಬೆಳಿಗ್ಗೆಯಿಂದ ಸಂಜೆವರೆಗೂ ಈ ಅಡುಗೆಮನೆಯಲ್ಲಿ ಕೂತು ನನ್ನ ಕೈಗೂ ಕಾಲಿಗೂ ಅಡ್ಡ ಸಿಗ್ತೀಯ. ಚಹಾ ಸರಿಯಿಲ್ಲ, ರೇಡಿಯೋದವನು ಮೂರ್ಖ, ಬೆಕ್ಕು ದಂಡ. ಅದನ್ನೆಲ್ಲ ಕೇಳ್ಕೊಂಡಿರೋಕೆ ನನ್ನ ಕೈಲಾಗಲ್ಲಪ್ಪಾ.”

ಟ್ರಿಂಡರನಿಗೆ ಅವಳ ಮಾತಿಗಿಂತ ಅಡುಗೆಮನೆಯ ಕುರ್ಚಿಯ ಭಯ ಹೆಚ್ಚಾಗಿತ್ತು. ಬೈಯುವುದಕ್ಕಾದರೂ ಅವನಿಗೆ ಆ ಚರಂಡಿ ಬೇಕಿತ್ತು. ಚುಕ್ಕಾಣಿ ಕೈತಪ್ಪಿದರೆ ತಾನು ಬೆಕ್ಕಿಗಿಂತ ದಂಡವೆಂದು ಒಳಗೊಳಗೇ ಗೊತ್ತಿತ್ತು.

ಮರುದಿನ ಸೇತುವೆ ಬಂದಾಗ ಹಲ್ಲು ಕಚ್ಚಿಕೊಂಡು ಹೊಸ ಕಥೆ ಒಪ್ಪಿಸಿದ. ಯಾರೂ ನಗಲಿಲ್ಲ. ಮುಂದಿನ ಸಾಲಿನ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು. ಅವಳನ್ನು ಕಂಡು ಅವನಿಗೆ ಅಸಹ್ಯವಾಯಿತು. ಅದಕ್ಕಿಂತ ಅಸಹ್ಯವಾದದ್ದೆಂದರೆ, ಅವಳು ಅತ್ತದ್ದು ಅವನಿಗೆ ಹಿಡಿಸಿತ್ತು. ಮಾರನೆಯ ವಾರ ಕಥೆಯೊಳಗೆ ಗಾಯಗೊಂಡ ಬಿಳಿ ಕುದುರೆ ಬಂತು. ಜುಲೈ ಹೊತ್ತಿಗೆ ಸಿಪಾಯಿಗಳು ಐನೂರಾದರು. ಆಗಸ್ಟಿನಲ್ಲಿ ಧಣಿ ಸಾಯುವ ಮುನ್ನ ಕುದುರೆಯ ಕಿವಿಯಲ್ಲಿ ಏನೋ ಪಿಸುಗುಟ್ಟತೊಡಗಿದ. ನಿಜವಾದ ಧಣಿ ಯುದ್ಧ ಮುಗಿದ ಮೇಲೂ ಮೂವತ್ತು ವರ್ಷ ಬದುಕಿ ಅತಿಯಾಗಿ ತಿಂದು ಸತ್ತನೆಂದು ಚರ್ಚಿನ ಗೋರಿಯ ಮೇಲೇ ಹೆಚ್ಚುಕಡಿಮೆ ಬರೆದಿದ್ದರೂ ಯಾರೂ ಕೇಳಲಿಲ್ಲ. “ಈ ಜನಕ್ಕೆ ಹುಲ್ಲು ಹಾಕಿದ್ರೂ ಬೆಣ್ಣೆ ಹಚ್ಕೊಂಡು ತಿಂತಾರೆ,” ಎಂದು ಟ್ರಿಂಡರ್ ಎನಿಡ್ ಮುಂದೆ ಉಗಿದ.

ಸೆಪ್ಟೆಂಬರಿನಲ್ಲಿ ಲೇಡಿ ಹಾಲ್ಕಟ್ ಇತಿಹಾಸ ಸಂಘದವರನ್ನು ಕರೆತಂದಳು. ಅವರ ಒಪ್ಪಿಗೆ ಪಡೆದು ಸೇತುವೆಯ ಮೇಲೆ ತನ್ನ ಹಿರಿಯನ ಹೆಸರಿನ ಫಲಕ ಹಾಕಿಸುವ ಆಸೆ ಆಕೆಗೆ. ದೋಣಿ ಹತ್ತುವಾಗ ಟ್ರಿಂಡರನ ಹತ್ತಿರ ಬಗ್ಗಿ, “ಇವತ್ತು ಚೆನ್ನಾಗಿ ನಡೆದ್ರೆ, ಈ ಕಟ್ಟೆ ನೀನಿರೋವರೆಗೂ ನಿಂದೇ,” ಎಂದಳು.

ಟ್ರಿಂಡರ್ ಅಂದು ಹೇಳಿದಂತೆ ಎಂದೂ ಹೇಳಿರಲಿಲ್ಲ. ಕುದುರೆ ಸಾಯುವಾಗ ಸಂಘದ ಖಜಾಂಚಿ ಸ್ಯಾಂಡ್‌ವಿಚ್ ಕೆಳಗಿಟ್ಟ. ಲೇಡಿ ಹಾಲ್ಕಟ್ ತನ್ನ ವಂಶವನ್ನೇ ಮೊದಲ ಸಲ ನೋಡುತ್ತಿರುವವಳಂತೆ ಸೇತುವೆಯನ್ನು ನೋಡುತ್ತ ಕೂತಳು.

ಆಗ ಹಿಂದಿನ ಸಾಲಿನಿಂದ ಸಂಘದ ಅಧ್ಯಕ್ಷ ಮಾರ್ಟಿಮರ್ ಸ್ಪ್ರಾಗ್ ಗಂಟಲು ಸರಿಪಡಿಸಿಕೊಂಡ. ಹಲ್ಲಿನ ವೈದ್ಯನಾಗಿ ನಿವೃತ್ತನಾದವನು, ಮೃದುವಾಗಿಯೇ ಕೇಳಿದ.

“ಟ್ರಿಂಡರ್ ಅವರೇ, ನಾನು ಚಿಕ್ಕವನಿದ್ದಾಗ ಇದೇ ದೋಣೀಲಿ ನಿಮ್ಮ ತಂದೆ ಬೇರೆ ಕಥೆ ಹೇಳ್ತಿದ್ರು. ಕೋಳಿಗೂಡು, ಪುಕ್ಕ, ಹುಂಜ. ಈಗ ನೀವು ಕತ್ತಿ, ಕುದುರೆ ಅಂತೀರಿ. ಕಲ್ಲಿನಲ್ಲಿ ಕೆತ್ತಿಸೋ ಮುಂಚೆ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇವೆರಡರಲ್ಲಿ ಯಾವುದು ನಿಜ?”

ದೋಣಿ ಕಟ್ಟೆಯ ಮಗ್ಗುಲಿಗೆ ಬಂದಿತ್ತು. ಲೇಡಿ ಹಾಲ್ಕಟ್ ನಗುನಗುತ್ತಲೇ ಟ್ರಿಂಡರನ ಮುಖ ನೋಡಿದಳು. ಅವನು ಎಂಜಿನ್ ನಿಲ್ಲಿಸಿ, ಹಗ್ಗವನ್ನು ಗೂಟಕ್ಕೆ ಹಾಕದೆ ಕೈಯಲ್ಲೇ ಹಿಡಿದುಕೊಂಡ.

“ಎರಡೂ ಸುಳ್ಳು,” ಎಂದ. “ದಡದಲ್ಲಿರೋ ಆ ಕೋಳಿಗೂಡು ಕಟ್ಟಿದ್ದೇ ನಮ್ಮಪ್ಪ. ಅವನು ಸುಳ್ಳು ಹೇಳಿದ್ದು ಖುಷಿಗೆ, ನಾನು ಹೇಳಿದ್ದು ಅಮ್ಮಾವ್ರ ಬೇಲಿ ಭಯಕ್ಕೆ.”