ಇಬ್ಬರು ಎಡ್ಮಂಡರ ಬಟ್ಟೆ ಒಗೆದವಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೊಳೆಯಂಚಿನ ತೆಳು ಮಂಜುಗಡ್ಡೆಯನ್ನು ಕೋಲಿನಿಂದ ಒಡೆದು ಅವಿಸ್ ಮೊಣಕಾಲೂರಿ ಕೂತಿದ್ದಾಳೆ. ಪಕ್ಕದಲ್ಲಿ ಬೂದಿನೀರಿನ ತೊಟ್ಟಿ, ಬುಟ್ಟಿಯಲ್ಲಿ ಹ್ಯಾರೊಬಿ ದೊಡ್ಡಮನೆಯ ಹನ್ನೊಂದು ಹಾಸುಬಟ್ಟೆ, ನಲವತ್ತು ಅಂಗಿ. ವಯಸ್ಸು ಅರವತ್ತಮೂರು, ಹನ್ನೆರಡರಿಂದ ಇದೇ ಒಗೆಯುವ ಕಲ್ಲು. ಬೆರಳುಗಳ ತುಂಬ ಬಿರುಕು. "ಹಂದಿಕೊಬ್ಬು ಸವರಿದ್ರೆ ಭಾನುವಾರಕ್ಕೆ ಕೂಡ್ಕೊತವೆ. ಸೋಮವಾರ ಮತ್ತೆ ಬಾಯಿ ಬಿಡ್ತವೆ" ಎನ್ನುತ್ತಾಳೆ.

ಆ ಮನೆಯ ನಾಲ್ಕು ತಲೆಮಾರನ್ನೂ ಅವಳು ಬಟ್ಟೆಯಿಂದಲೇ ಬಲ್ಲಳು. ಉಣ್ಣೆ ಮಾರಿ ಜಮೀನು ಕೊಂಡ ಮುದಿ ಗಿಲ್ಬರ್ಟ್, ನೈಟ್ ಪದವಿ ಪಡೆದು ಮೊದಲ ಬಾರಿಗೆ 'ಸರ್' ಅನ್ನಿಸಿಕೊಂಡ ಅವನ ಮಗ, ಫ್ರಾನ್ಸಿನ ಯುದ್ಧಕ್ಕೆ ಹೋಗಿ ಬಾರದ ಮೊಮ್ಮಗ, ಈಗ ಅವನ ಮಗ ಎಡ್ಮಂಡ್.

"ಗಿಲ್ಬರ್ಟ್ ಯಜಮಾನರ ಅಂಗಿ ಮೂರು ಸಲ ಒಗೆದ್ರೂ ಕುರಿವಾಸನೆ ಹೋಗ್ತಿರಲಿಲ್ಲ. ಈಗಿನೋರು ಗುರಾಣಿ ಮೇಲೆ ಸಿಂಹ ಬರೆಸ್ಕೊಂಡವ್ರೆ. ಕುರಿ ಬರೆಸಿದ್ರೆ ಏನಾಗ್ತಿತ್ತು?"

ಆಗ ಈ ಕಲ್ಲಿನ ಸುತ್ತ ಆರು ಹೆಂಗಸರು ಹಾಡುತ್ತ ಒಗೆಯುತ್ತಿದ್ದರು. ಆ ಹಾಡುಗಳು ಈಗ ಅವಳೊಬ್ಬಳಿಗೇ ಗೊತ್ತು.

ತಂದೆಯಿಲ್ಲದ ಎಡ್ಮಂಡನ ಜಮೀನು ಇಷ್ಟು ವರ್ಷ ಪಾಲಕನ ಕೈಯಲ್ಲಿದೆ. ಹುಡುಗನಿಗೆ ಇಪ್ಪತ್ತೊಂದು ತುಂಬಿತೆಂದು ಹನ್ನೆರಡು ಗಂಡಸರು ಅರಸನ ಅಧಿಕಾರಿಯ ಮುಂದೆ ಪ್ರಮಾಣ ಮಾಡಿದರೆ ಮಾತ್ರ ಅದು ಅವನದಾಗುತ್ತದೆ. ಅವನು ಹುಟ್ಟಿದ ದಿನ ತನಗೇಕೆ ನೆನಪಿದೆಯೆಂದು ಪ್ರತಿಯೊಬ್ಬನೂ ಹೇಳಬೇಕು. ಹೆಂಗಸರ ಸಾಕ್ಷಿ ನಡೆಯುವುದಿಲ್ಲ. ವಿಚಾರಣೆ ನಾಳೆ. ಸಾಕ್ಷಿಗಳಲ್ಲೊಬ್ಬನಾದ ಬಡಗಿ ವಿಲ್ಕಿನ್ ತನ್ನ ನೆನಪು ಸರಿಯೇ ಎಂದು ಕೇಳಲು ಹೊಳೆಗೆ ಬಂದಿದ್ದಾನೆ.

"ಎಡ್ಮಂಡನ ನಾಮಕರಣದ ದಿನವೇ ಅಲ್ವಾ ಅಕ್ಕ, ನಾನು ಕಣಜದ ಮಾಡಿಂದ ಬಿದ್ದು ಕಾಲು ಮುರ್ಕೊಂಡಿದ್ದು? ಸುಗ್ಗಿ ಕಾಲ. ಉಳಿದ ಸಾಕ್ಷಿಗಳಿಗೂ ಆ ದಿನವನ್ನೇ ಹೇಳಿಕೊಟ್ಟಿದೀನಿ."

"ಬಿದ್ದಿದ್ದು ಕಾಲು ಊರ್ಕೊಂಡೋ, ತಲೆ ಊರ್ಕೊಂಡೋ? ಅವನು ಮೊದಲನೇ ಎಡ್ಮಂಡ. ಹತ್ತೊಂಬತ್ತು ದಿನ ಬದುಕಿದ ಕೂಸು. ಎರಡು ವರ್ಷದ ಮೇಲೆ ಹುಟ್ಟಿದ ಇವನಿಗೂ ಅದೇ ಹೆಸರಿಟ್ರು."

ಜಮೀನು ಬಿಡಲೊಲ್ಲದ ಪಾಲಕನ ವಕೀಲ ಆ ಕೂಸಿನ ಪುಟ್ಟ ಗೋರಿಯತ್ತ ಬೆರಳು ತೋರಿಸಿದ್ದರೆ ಹನ್ನೆರಡು ಜನರ ಮಾತೂ ಬಿದ್ದುಹೋಗುತ್ತಿತ್ತು.

"ಇವನು ಹುಟ್ಟಿದ್ದು ಸಂತ ಲೂಸಿ ಹಬ್ಬದ ದಿನ, ಎರಡು ತಿಂಗಳ ಹಿಂದೆ ಇಪ್ಪತ್ತೊಂದು ತುಂಬ್ತು. ಅವತ್ತೂ ಹೀಗೇ ಮಂಜುಗಡ್ಡೆ ಒಡೆದು ಬಾಣಂತಿ ಬಟ್ಟೆ ಒಗೆದೆ. ನೀನು ತೊಟ್ಟಿಲು ರಿಪೇರಿ ಮಾಡಿಕೊಟ್ಟು, ಬಿಯರ್ ಕುಡಿದು ಇಲ್ಲೇ ನೀರಿಗೆ ಬಿದ್ದೆ. ಎಳೆದುಹಾಕಿದ್ದು ಯಾರು?"

"ನೀನೇ" ಎನ್ನುತ್ತಾನೆ ವಿಲ್ಕಿನ್, ನೆಲ ನೋಡುತ್ತ.

ಸಂಜೆಯೊಳಗೆ ಉಳಿದ ಹನ್ನೊಂದು ಮಂದಿಯೂ ಬಂದುಹೋಗುತ್ತಾರೆ. ಅವಿಸ್ ಕೈ ನಿಲ್ಲಿಸದೆ ಒಬ್ಬೊಬ್ಬರಿಗೂ ಅವರವರ ಆ ದಿನವನ್ನು ನೆನಪಿಸಿ ಕಳಿಸುತ್ತಾಳೆ.

ಮರುದಿನ ಅಧಿಕಾರಿ ಪ್ರಮಾಣ ಒಪ್ಪುತ್ತಾನೆ. ಚರ್ಮದ ಹಾಳೆಯಲ್ಲಿ ಹನ್ನೆರಡು ಹೆಸರು ಬೀಳುತ್ತವೆ, ಅವಿಸಳದಿಲ್ಲ. ಮುಂದಿನ ತಿಂಗಳು ನೈಟ್ ಆಗಲಿರುವ ಎಡ್ಮಂಡ್ ತಾನೇ ಹೊಳೆಗೆ ಬಂದು, ಏನು ಬೇಕೋ ಕೇಳು ಎನ್ನುತ್ತಾನೆ.

"ಚರ್ಚಿನಲ್ಲಿ ನಿಮ್ಮ ಮನೆಯ ಸತ್ತವರ ಹೆಸರು ಓದ್ತಾರಲ್ಲ ದೊರೆ, ಅದರಲ್ಲಿ ಆ ಕೂಸಿನ ಹೆಸರಿಲ್ಲ. ಸೇರಿಸಿ."

"ಅದು ನನ್ನ ಹೆಸರಲ್ವಾ ಅಜ್ಜಿ? ನಾನು ಎದುರಿಗೆ ಕೂತಿರುವಾಗಲೇ ಸತ್ತವರ ಜೊತೆ ಓದಿಸಬೇಕಾ?"

ಅವಿಸ್ ಅವನ ಅಂಗಿಯನ್ನೇ ಹಿಂಡಿ ಬುಟ್ಟಿಗೆ ಹಾಕುತ್ತಾಳೆ.

"ಹೆಸರು ಒಂದೇ ಇರಬಹುದು. ಬಟ್ಟೆ ನಾನು ಬೇರೆ ಬೇರೆನೇ ಒಗೆದಿದೀನಿ. ಅವನದು ಹತ್ತೊಂಬತ್ತು ದಿನ."